ನಂಬಿಕೆ ಇರಲಿ, ಕಟ್ಟಲೆ ನೋಡಿ

ಟಿಪ್ಪು ಸುಲ್ತಾನ ಮಡಿದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾರು ಉಳುತ್ತಾರೆ, ಯಾವುದರಿಂದ ಎಷ್ಟು ಹುಟ್ಟುವಳಿ ಎಂದು ಬರೆದುಕೊಂಡು ಬರಲು ಕಂಪನಿ ಸರಕಾರ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ಕಳಿಸಿತ್ತು. 1801ರ ಆರಂಭದಲ್ಲಿ ಆತ ಗೋಕರ್ಣ, ಅಂಕೋಲೆ ಹಾದು ಸದಾಶಿವಗಡದ ಕಡೆ ಬಂದ. ಭತ್ತ, ಉಪ್ಪು, ಮೆಣಸು, ತೆಂಗು ಎಲ್ಲದರ ಲೆಕ್ಕ ಬರೆಯುತ್ತ ಬಂದವನಿಗೆ ಇಂದಿನ ಉತ್ತರ ಕನ್ನಡ ಜಿಲ್ಲೆಯ ಕಾಡಿನ ಲೆಕ್ಕ ಮಾತ್ರ ವಿಚಿತ್ರವಾಗಿ ಕಂಡಿತು. ಕಾಡು ಊರ ದೇವರದು. ಮರ ಕಡಿಯಬೇಕಾದರೆ ಗೌಡರ ಅಪ್ಪಣೆ ಬೇಕು. ಗೌಡಿಕೆ ವಂಶಪಾರಂಪರ್ಯ, ಗೌಡರೇ ಆ ದೇವರ ಪೂಜಾರಿಯೂ ಹೌದು. ಅಪ್ಪಣೆಗೆ ದೇವರು ದುಡ್ಡು ಕೇಳುವುದಿಲ್ಲ. ಹಾಗಂತ ಕೇಳದೆ ಕೊಡಲಿ ಹಾಕಿದವನನ್ನು ಸುಮ್ಮನೆ ಬಿಡುವುದೂ ಇಲ್ಲ. ಇಷ್ಟನ್ನು ಬರೆದು ಬುಕನನ್ ತನ್ನ ಅನುಮಾನವೊಂದನ್ನು ಸೇರಿಸಿದ: ಕಾಡು ತನ್ನದೆಂದು ಸರಕಾರ ಹಕ್ಕು ಹೂಡದಿರಲೆಂದು ಊರವರು ಮಾಡಿಕೊಂಡ ಉಪಾಯವಿರಬೇಕು ಇದು.

ಈ ಅನುಮಾನ ನನಗೆ ಬಹಳ ಇಷ್ಟ. ಧರ್ಮಕ್ಕೂ ಮನುಷ್ಯನ ವಿಕಾಸಕ್ಕೂ ಏನು ಸಂಬಂಧ ಎಂದು ಇಂದು ಪ್ರಯೋಗಾಲಯ, ಕಂಪ್ಯೂಟರು, ಡಿಎನ್‌ಎ ಇಟ್ಟುಕೊಂಡು ಹುಡುಕುವವರ ಜಗಳವೂ ಸರಿಸುಮಾರು ಇದೇ. ಕಾಡಿನಲ್ಲಿ ದೇವರಿದ್ದಾನೆ ಎಂದು ಜನ ನಿಜವಾಗಿ ನಂಬಿದ್ದರೇ? ಅಥವಾ ಕಾಡು ಉಳಿದರೆ ತಮಗೆ ಲಾಭ ಎಂಬ ಲೆಕ್ಕಾಚಾರ ದೇವರ ವೇಷ ಹಾಕಿಕೊಂಡಿತ್ತೇ? ಇನ್ನೊಂದು ಸಾಧ್ಯತೆಯೂ ಇದೆ. ಯಾರೂ ಲೆಕ್ಕ ಹಾಕಿರಲಿಕ್ಕಿಲ್ಲ. ಅಂಥ ಕಟ್ಟಲೆ ಇದ್ದ ಊರುಗಳು ಉಳಿದವು, ಇಲ್ಲದವು ಚದುರಿದವು. ನಮ್ಮ ಕಣ್ಣಿಗೆ ಬೀಳುವುದು ಉಳಿದ ಊರುಗಳಷ್ಟೆ. ಈ ಮೂರನೆಯದು ಡಾರ್ವಿನ್ನನ ದಾರಿ. 1871ರಲ್ಲಿ ಮನುಷ್ಯನ ಹುಟ್ಟಿನ ಬಗ್ಗೆ ಬರೆದ ಪುಸ್ತಕದಲ್ಲಿ ಆತ ಇದನ್ನು ಹೇಳಿದ್ದಾನೆ: ಒಬ್ಬರಿಗೊಬ್ಬರು ನೆರವಾಗುವ, ಗುಂಪಿಗಾಗಿ ನಷ್ಟ ಸಹಿಸುವ ಜನರಿರುವ ಬುಡಕಟ್ಟು ಉಳಿದ ಬುಡಕಟ್ಟುಗಳನ್ನು ಮೀರಿ ನಿಲ್ಲುತ್ತದೆ.

ಕಟ್ಟಲೆ ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಿದ್ದೇನೆ. ಒಬ್ಬನ ಎದೆಯೊಳಗಿನ ಭಕ್ತಿಯನ್ನು ಅಳೆಯುವ ಮಾಪಕ ಯಾರ ಬಳಿಯೂ ಇಲ್ಲ. ಆದರೆ ಯಾರು ಯಾರನ್ನು ಮದುವೆಯಾಗಬಹುದು, ಯಾವ ಮೀನು ತಿನ್ನಬಾರದು, ಯಾವ ಮರ ಕಡಿಯಬಾರದು ಎಂಬ ಕಟ್ಟಲೆಗಳು ಊರಿನಲ್ಲಿ, ಊಟದಲ್ಲಿ, ಕೊನೆಗೆ ರಕ್ತದಲ್ಲಿ ಗುರುತು ಬಿಡುತ್ತವೆ. ಆ ಗುರುತನ್ನು ಅಳೆಯಬಹುದು. ಕಾರವಾರ, ಅಂಕೋಲೆಯಂಥ ಕಡೆ ಈ ಕೆಲಸಕ್ಕೆ ವಿಶೇಷ ಅನುಕೂಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವಿನ ಕೆಲವೇ ಮೈಲಿಯಲ್ಲಿ ಹಾಲಕ್ಕಿ, ನಾಡವ, ಕೋಮಾರಪಂಥ, ಹರಿಕಂತ್ರ, ಗಾಬಿತ, ಖಾರ್ವಿ, ಸಾರಸ್ವತ, ಮುಕ್ರಿ, ಸಿದ್ದಿ, ಮುಸ್ಲಿಂ, ಕ್ರೈಸ್ತ ಎಂದು ಎಷ್ಟೊಂದು ಕಟ್ಟಲೆಗಳ ಜನ!

ನಂಬಿಕೆ ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆಯನ್ನು ಬೇಗ ಮುಗಿಸಿಬಿಡುತ್ತೇನೆ. ಸಂಜೆ ಹೊತ್ತು ಕದ್ರಾದ ಕಾಡುದಾರಿಯಲ್ಲಿ ಒಬ್ಬ ನಡೆಯುತ್ತಿದ್ದಾನೆ ಎನ್ನಿ. ಪೊದೆ ಅಲ್ಲಾಡಿತು. ಗಾಳಿ ಎಂದುಕೊಂಡು, ಅದು ಹುಲಿಯಾಗಿದ್ದರೆ ಅವನ ಕತೆ ಮುಗಿಯಿತು. ಹುಲಿ ಎಂದುಕೊಂಡು, ಅದು ಬರೀ ಗಾಳಿಯಾಗಿದ್ದರೆ ಸ್ವಲ್ಪ ಬೆವರಿದ, ಅಷ್ಟೆ. ಹೀಗೆ ಇಲ್ಲದ ಕಡೆಯೂ ‘ಯಾರೋ ಇದ್ದಾರೆ’ ಎಂದುಕೊಳ್ಳುವ ಮಿದುಳು ಲಕ್ಷಾಂತರ ವರ್ಷ ನಮ್ಮನ್ನು ಕಾಪಾಡಿತು. ದೇವರು ದೆವ್ವಗಳು ಆ ಮಿದುಳಿನ ಉಪ ಉತ್ಪನ್ನ ಎನ್ನುತ್ತಾರೆ ಪ್ಯಾಸ್ಕಲ್ ಬೋಯರ್, ಜಸ್ಟಿನ್ ಬ್ಯಾರೆಟ್ ಮುಂತಾದವರು. ಉತ್ತರ ಕನ್ನಡದ ಕಾಡಂಚಿನಲ್ಲಿ ಹುಲಿದೇವರ ಕಲ್ಲುಗಳಿಗೆ ಪೂಜೆ ನಡೆಯುವುದನ್ನು ಕಂಡವರಿಗೆ ಈ ವಾದ ತಕ್ಷಣ ಹಿಡಿಸುತ್ತದೆ. ನನಗೆ ಅರ್ಧ ಹಿಡಿಸುತ್ತದೆ. ಪೊದೆಯಲ್ಲಿ ಯಾರೋ ಇದ್ದಾರೆ ಎನ್ನಿಸಲು ಇದು ಕಾರಣವಿರಬಹುದು. ಆ ‘ಯಾರೋ’ ಮರ ಕಡಿಯಬೇಡ ಎಂದದ್ದೇಕೆ, ಇಂಥವರನ್ನೇ ಮದುವೆಯಾಗು ಎಂದದ್ದೇಕೆ?

ಸಮುದ್ರದ ದಡಕ್ಕೆ ಬನ್ನಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ನ್ಯೂಗಿನಿ ಹತ್ತಿರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಇದ್ದ. ಅಲ್ಲಿ ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯುವವರು ಮಂತ್ರ ತಂತ್ರದ ಗೊಡವೆಗೆ ಹೋಗುತ್ತಿರಲಿಲ್ಲ. ಅದೇ ಜನ ತೆರೆದ ಕಡಲಿಗೆ ಇಳಿಯುವಾಗ ಸಾಲು ಸಾಲು ವಿಧಿಗಳು. ಎಲ್ಲಿ ಕೈಚಳಕ ಸಾಲುತ್ತದೆಯೋ ಅಲ್ಲಿ ದೇವರಿಗೆ ಕೆಲಸವಿಲ್ಲ, ಎಲ್ಲಿ ಜೀವಕ್ಕೆ ಖಾತ್ರಿಯಿಲ್ಲವೋ ಅಲ್ಲಿ ವಿಧಿ ಹುಟ್ಟುತ್ತದೆ ಎಂದ ಆತ. ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದಲ್ಲಿ ನಿಂತು ನೋಡಿದರೆ ಆ ಮಾತು ನೆನಪಾಗದೆ ಇರದು. ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಅದಕ್ಕೆ ತೆಂಗಿನಕಾಯಿ ಒಡೆಯುವ ಗಡಿಬಿಡಿ ಇಲ್ಲ. ಶ್ರಾವಣದ ನೂಲ ಹುಣ್ಣಿಮೆಯ ದಿನ, ನಾರಳಿ ಹುಣ್ಣಿಮೆ ಎನ್ನುತ್ತಾರಲ್ಲ, ಅಂದು ದೋಣಿಯವರೆಲ್ಲ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಹೊಸ ಹಂಗಾಮಿಗೆ ಕೈ ಮುಗಿಯುತ್ತಾರೆ.

ಇಲ್ಲಿ ನಮ್ಮ ಪತ್ರಿಕೆಗಳಲ್ಲಿ ಪದೇ ಪದೇ ಬರುವ ಒಂದು ವಾದವನ್ನು ಪರೀಕ್ಷೆ ಮಾಡಬಹುದು. ಮಳೆಗಾಲ ಮೀನು ಮರಿ ಮಾಡುವ ಕಾಲ, ಆದ್ದರಿಂದಲೇ ಹಿರಿಯರು ನಾರಳಿ ಹುಣ್ಣಿಮೆಯವರೆಗೆ ಕಡಲಿಗಿಳಿಯಬಾರದೆಂದು ಕಟ್ಟು ಹಾಕಿದರು, ಎಂಥ ವಿಜ್ಞಾನ ನಮ್ಮವರದು ಎನ್ನುವ ವಾದ. ಕೇಳಲು ಚೆನ್ನ. ಆದರೆ ಕಟ್ಟಲೆಯೊಂದು ನಿಜವಾಗಿ ಮೀನನ್ನು ಉಳಿಸುತ್ತಿತ್ತು ಎನ್ನಬೇಕಾದರೆ, ಹಿಡಿಯಲು ಸಾಧ್ಯವಿದ್ದಾಗಲೂ ಅದು ಕೈ ಕಟ್ಟಿಹಾಕಿರಬೇಕು. ಹುಟ್ಟು ಹಾಕುವ, ಹಾಯಿ ಕಟ್ಟುವ ದೋಣಿಯಲ್ಲಿ ಆಷಾಢದ ಅರಬ್ಬಿ ಸಮುದ್ರಕ್ಕೆ ಇಳಿಯಲು ಯಾರಿಗೆ ಸಾಧ್ಯವಿತ್ತು? ಕಡಲೇ ತಡೆದದ್ದನ್ನು ದೇವರು ತಡೆದ ಎಂದು ಬರೆದುಕೊಂಡೆವು. ಮಳೆಗಾಲದಲ್ಲೂ ಹೋಗಬಲ್ಲ ಎಂಜಿನ್ ಬೋಟು ಬಂದ ಮೇಲೆ ಹುಣ್ಣಿಮೆಯ ಕಟ್ಟಲೆಯೊಂದೇ ಸಾಲಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧಿಸಿ ಸರಕಾರವೇ ಆದೇಶ ಹೊರಡಿಸಬೇಕಾಯಿತು. ಹಬ್ಬದ ಚೆಂದಕ್ಕೆ ಇದರಿಂದ ಕುಂದಿಲ್ಲ.

ದೇವರಕಾಡಿನ ಮಾತು ಬೇರೆ. ಅಲ್ಲಿ ಕೊಡಲಿ ಕೈಯಲ್ಲೇ ಇತ್ತು, ಮರ ಎದುರಿಗೇ ಇತ್ತು, ಕೂಗಳತೆಯ ದೂರದಲ್ಲಿ ಮನೆ ಇತ್ತು. ಕಡಿಯದೆ ಬಿಟ್ಟದ್ದಕ್ಕೆ ನಿಜವಾದ ನಷ್ಟವಿತ್ತು. ಪುಣೆಯ ವಿ.ಡಿ. ವರ್ತಕ್ ಜೊತೆ ಮಾಧವ ಗಾಡ್ಗೀಳ್ ಪಶ್ಚಿಮ ಘಟ್ಟದ ದೇವರಕಾಡುಗಳ ಬಗ್ಗೆ 1976ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯವನ್ನು ಜಗತ್ತಿನ ಪರಿಸರ ವಿಜ್ಞಾನಿಗಳ ಕಿವಿಗೆ ಹಾಕಿತು. ಆಮೇಲೆ ಎಂ.ಡಿ. ಸುಭಾಷ್ ಚಂದ್ರನ್ ಉತ್ತರ ಕನ್ನಡದ ಕಾನುಗಳನ್ನು, ಅಂದರೆ ಇಲ್ಲಿಯ ದೇವರಕಾಡುಗಳನ್ನು, ವರ್ಷಗಟ್ಟಲೆ ಸುತ್ತಿದರು. ಸಿದ್ದಾಪುರದ ಕತ್ತಲೆಕಾನಿನಂಥ ಕಡೆ ಜೌಗುನೆಲದ ರಾಮಪತ್ರೆ ಜಾತಿಯ ಮರಗಳು, ಬೇರೆಲ್ಲೂ ಸುಲಭಕ್ಕೆ ಕಾಣದ ಗಿಡಗಳು ಉಳಿದದ್ದು ಬೆಳಕಿಗೆ ಬಂತು. ಚೌಡಿ, ಜಟಗ, ಬೀರ, ಹುಲಿಯಪ್ಪ ಇರುವ ಮರಗಳ ಗುಂಪಿನಿಂದ ಕೆಳಗಿನ ಗದ್ದೆಗೆ ಬೇಸಿಗೆಯಲ್ಲೂ ನೀರು ಜಿನುಗುವುದು ಊರವರಿಗೆ ಗೊತ್ತಿದ್ದ ಸಂಗತಿ. ಹೀಗೆ ತಲೆಮಾರುಗಳ ಉದ್ದಕ್ಕೆ ಲಾಭ ತರುವ, ಆದರೆ ಇವತ್ತು ಒಬ್ಬೊಬ್ಬನಿಗೂ ನಷ್ಟವೆನಿಸುವ ಕೆಲಸವನ್ನು ಜನರಿಂದ ಮಾಡಿಸುವುದು ಹೇಗೆ? ವಿಕಾಸ ವಿಜ್ಞಾನದ ದೊಡ್ಡ ಒಗಟೇ ಇದು.

ಕಾರವಾರದವರಿಗೆ ಈ ಒಗಟನ್ನು ರಂಪಣಿ ಬಲೆಯಿಂದ ವಿವರಿಸಬಹುದು. ದೋಣಿಯಲ್ಲಿ ಹೋಗಿ ಕಡಲಲ್ಲಿ ಬಲೆ ಬಳಸಿ ಬಂದ ಮೇಲೆ ಎರಡೂ ತುದಿಯ ಹಗ್ಗ ಹಿಡಿದು ದಡದಿಂದ ಹತ್ತಾರು ಜನ ಒಟ್ಟಿಗೆ ಎಳೆಯಬೇಕು. ಬಿದ್ದ ಬಂಗಡೆಯಲ್ಲಿ ಎಲ್ಲರಿಗೂ ಪಾಲು. ಆ ಸಾಲಿನಲ್ಲಿ ಒಬ್ಬ ಹಗ್ಗ ಹಿಡಿದು ಎಳೆದಂತೆ ನಟಿಸಿದರೆ? ಅವನಿಗೆ ಬೆವರು ಉಳಿಯಿತು, ಪಾಲು ಬಂತು. ಲೆಕ್ಕದ ಪ್ರಕಾರ ಅವನೇ ಜಾಣ. ಮುಂದಿನ ತಲೆಮಾರಿನಲ್ಲಿ ನಟಿಸುವವರು ಹೆಚ್ಚಬೇಕು, ಕೊನೆಗೊಂದು ದಿನ ಎಳೆಯುವವರೇ ಇಲ್ಲದೆ ಬಲೆ ಮರಳಿನಲ್ಲಿ ಕೊಳೆಯಬೇಕು. ಆದರೆ ರಂಪಣಿ ಕೊನೆಗೆ ಸೋತದ್ದು 1970ರ ದಶಕದಲ್ಲಿ ಬಂದ ಪರ್ಸೀನ್ ಬೋಟುಗಳ ಎದುರು, ಒಳಗಿನ ಕಳ್ಳಾಟದಿಂದಲ್ಲ. ಹಾಗಾದರೆ ಕಳ್ಳಾಟವನ್ನು ತಡೆದದ್ದೇನು? ನೆಂಟಸ್ತನ, ಪಕ್ಕದವನ ಕಣ್ಣು, ದಡದ ಮೇಲಿನ ಬೈಗುಳ ಇವೆಲ್ಲ ಇದ್ದೇ ಇವೆ. ಜೊತೆಗೆ ಮನುಷ್ಯರು ನೋಡದಿದ್ದಾಗಲೂ ನೋಡುವ ಇನ್ನೊಂದು ಕಣ್ಣು ಇತ್ತೇ?

ಇದನ್ನು ಪ್ರಯೋಗಕ್ಕೆ ಒಡ್ಡಿದವರಿದ್ದಾರೆ. ಬೆಂಜಮಿನ್ ಪುರ್ಜಿಕಿ ಮತ್ತು ಸಂಗಡಿಗರು ಫಿಜಿ, ವನುವಾಟು, ಸೈಬೀರಿಯ, ತಾಂಜಾನಿಯ, ಬ್ರೆಜಿಲ್, ಮಾರಿಷಸ್ ಸೇರಿ ಎಂಟು ಸಮುದಾಯಗಳ 591 ಜನರಿಗೆ ನಾಣ್ಯ, ದಾಳ ಕೊಟ್ಟು ಒಬ್ಬೊಬ್ಬರನ್ನೇ ಕೂರಿಸಿದರು. ದಾಳ ಬಿದ್ದಂತೆ ಒಂದು ನಾಣ್ಯ ನಿಮ್ಮ ಊರವರಿಗೆ, ಇಲ್ಲವೇ ದೂರದ ಸಹಧರ್ಮಿಗೆ. ನೋಡುವವರು ಯಾರೂ ಇಲ್ಲ; ಮೋಸ ಮಾಡಿದರೂ ಸಿಕ್ಕಿಬೀಳುವ ಭಯವಿಲ್ಲ. ಎಲ್ಲ ಬಲ್ಲ, ತಪ್ಪಿಗೆ ಶಿಕ್ಷೆ ಕೊಡುವ ದೇವರನ್ನು ನಂಬಿದವರು ಕಂಡರಿಯದ ದೂರದವನಿಗೂ ನ್ಯಾಯವಾಗಿ ಪಾಲು ಹಾಕುವುದು ಹೆಚ್ಚು ಎಂದು 2016ರಲ್ಲಿ ಅವರು ವರದಿ ಮಾಡಿದರು. ಗಮನಿಸಿ, ಆ ದೂರದವನು ಅದೇ ದೇವರ ಒಕ್ಕಲು. ಬೇರೆ ದೇವರ ಒಕ್ಕಲಿನವನಿಗೆ ಎಷ್ಟು ನ್ಯಾಯ ಸಿಕ್ಕೀತು ಎಂಬುದನ್ನು ಆ ಆಟ ಕೇಳಲಿಲ್ಲ.

ಇನ್ನೊಂದು ಪ್ರಯೋಗ ನಮ್ಮ ಜಾತ್ರೆಗಳಿಗೆ ತೀರ ಹತ್ತಿರದ್ದು. ದಿಮಿತ್ರಿಸ್ ಕ್ಸಿಗಲಾಟಾಸ್ ಎಂಬ ಗ್ರೀಕ್ ಸಂಶೋಧಕ ಮಾರಿಷಸ್ಸಿನ ತಮಿಳರ ತೈಪೂಸಂ ಹಬ್ಬಕ್ಕೆ ಹೋದ. ಮೈಗೆ ಸೂಜಿ ಚುಚ್ಚಿಕೊಂಡು ಕಾವಡಿ ಹೊತ್ತು ಬಂದವರಿಗೂ, ಬರೀ ಭಜನೆಯಲ್ಲಿ ಕೂತವರಿಗೂ 200 ರೂಪಾಯಿ ಕೊಟ್ಟು, ಇದರಲ್ಲಿ ಇಷ್ಟ ಬಂದಷ್ಟನ್ನು ಗುಟ್ಟಾಗಿ ದೇವಸ್ಥಾನಕ್ಕೆ ಹಾಕಿ ಎಂದ. ನೋವುಂಡವರು ಭಜನೆಯವರಿಗಿಂತ ಬಹಳ ಹೆಚ್ಚು ಹಾಕಿದರು. ಅವರ ಪಕ್ಕದಲ್ಲಿ ನಡೆದು ಬಂದು ಆ ನೋವನ್ನು ಕಣ್ಣಾರೆ ಕಂಡವರು ಕೂಡ ಧಾರಾಳವಾಗಿಯೇ ಹಾಕಿದರು. ಅದಕ್ಕೂ ಮೊದಲು ಸ್ಪೇನಿನ ಹಳ್ಳಿಯೊಂದರಲ್ಲಿ ಕೆಂಡ ಹಾಯುವವರ ಎದೆಗೆ ಯಂತ್ರ ಕಟ್ಟಿ ಅಳೆದಾಗ, ಕೆಂಡದ ಮೇಲಿನವನ ಎದೆಬಡಿತದ ಏರಿಳಿತಕ್ಕೂ ಸುತ್ತ ನಿಂತ ಅವನ ನೆಂಟರ ಎದೆಬಡಿತಕ್ಕೂ ಹೊಂದಾಣಿಕೆ ಕಂಡಿತ್ತು; ಹೊರಗಿನಿಂದ ಬಂದ ಪ್ರವಾಸಿಗಳಲ್ಲಿ ಅದು ಕಾಣಲಿಲ್ಲ. ಕೆಂಡ ಹಾಯುವ ಬಂಡಿಹಬ್ಬಗಳನ್ನು ನೋಡುತ್ತ ಬೆಳೆದ ನಮ್ಮ ಕರಾವಳಿಯವರಿಗೆ ಇದನ್ನು ಹೇಳಿದರೆ, ಇದಕ್ಕೆ ಯಂತ್ರ ಬೇಕಿತ್ತೇ ಎಂದಾರು. ಬೇಕಿತ್ತು. ‘ಮೈ ಜುಮ್ಮೆನ್ನುತ್ತದೆ’ ಎನ್ನುವುದಕ್ಕೂ ಎಷ್ಟು, ಯಾರಿಗೆ, ಯಾವ ಗಳಿಗೆಯಲ್ಲಿ ಎನ್ನುವುದಕ್ಕೂ ಅಂತರವಿದೆ.

ಕಷ್ಟದ ಹರಕೆ ಒಂದು ಬಗೆಯ ಜಾಮೀನು ಎಂದು ಮಾನವಶಾಸ್ತ್ರಜ್ಞ ರಿಚರ್ಡ್ ಸೋಸಿಸ್ ವಾದಿಸುತ್ತಾರೆ. ಬಾಯಿಮಾತಿನ ಭಕ್ತಿಯನ್ನು ಯಾರೂ ನಟಿಸಬಹುದು, ಮೈಗೆ ನೋವಾಗುವುದನ್ನು ಸುಮ್ಮಸುಮ್ಮನೆ ಯಾರೂ ಮಾಡರು. 19ನೇ ಶತಮಾನದ ಅಮೆರಿಕದಲ್ಲಿ ಆಸ್ತಿಪಾಸ್ತಿ ಒಟ್ಟು ಮಾಡಿಕೊಂಡು ಬದುಕಲು ಹೊರಟ 200 ಕೂಡುಬಾಳಿನ ಪಂಗಡಗಳನ್ನು ಅವರು ಪಟ್ಟಿ ಮಾಡಿದರು. ಯಾವುದೇ ಒಂದು ವರ್ಷ ತೆಗೆದುಕೊಂಡರೂ ಧಾರ್ಮಿಕ ಪಂಗಡ ಉಳಿಯುವ ಸಂಭವ ಉಳಿದವಕ್ಕಿಂತ ನಾಲ್ಕು ಪಟ್ಟು ಹೆಚ್ಚಿತ್ತು. ಜಾಮೀನಿನ ಬೆಲೆ ಕೆಲವೊಮ್ಮೆ ತೀರ ದುಬಾರಿ ಎಂಬುದು ಕಾರವಾರಕ್ಕೆ ಗೊತ್ತು. ಪುಷ್ಯ ಹುಣ್ಣಿಮೆಗೆ ಕೂರ್ಮಗಡದ ನರಸಿಂಹ ದೇವರ ಜಾತ್ರೆಗೆ ಸಾವಿರಾರು ಜನ ದೋಣಿಗಳಲ್ಲಿ ದ್ವೀಪಕ್ಕೆ ಹೋಗಿಬರುತ್ತಾರೆ. 2019ರ ಜನವರಿ 21ರಂದು ಮರಳಿ ಬರುವ ದೋಣಿ ಮಗುಚಿ 16 ಜನ ತೀರಿಕೊಂಡರು. ಜಾತ್ರೆ ನಿಲ್ಲಲಿಲ್ಲ.

ಇಷ್ಟು ಹೊತ್ತು ಹೇಳಿದ್ದು ನಡತೆಯ ಮಾತು. ದೇಹದ ಮಾತಿಗೆ, ಅಂದರೆ ತಲೆಮಾರಿನಿಂದ ತಲೆಮಾರಿಗೆ ವಂಶವಾಹಿಗಳ ಪ್ರಮಾಣ ಬದಲಾಗುವ ಮಾತಿಗೆ ಬಂದರೆ ಎಲ್ಲಕ್ಕಿಂತ ಬಲವಾದ ಕಟ್ಟಲೆ ಒಂದೇ: ಮದುವೆ.

ಹಾಲಕ್ಕಿಗಳಲ್ಲಿ ‘ಬಳಿ’ ಎಂಬ ವಿಭಾಗಗಳಿವೆ. ಎಷ್ಟೋ ಬಳಿಗಳಿಗೆ ಪ್ರಾಣಿಯದೋ ಮರದ್ದೋ ಹೆಸರು. ಒಂದೇ ಬಳಿಯವರು ಅಣ್ಣ ತಂಗಿಯರಿದ್ದಂತೆ; ಅವರೊಳಗೆ ಮದುವೆ ಕೂಡದು. ಮೇಲುವರ್ಗದವರ ಗೋತ್ರದ್ದೂ ಇದೇ ಕಟ್ಟು. ಇದನ್ನು ತೋರಿಸಿ ‘ರಕ್ತಸಂಬಂಧದ ಮದುವೆಯ ಕೆಡುಕನ್ನು ನಮ್ಮ ಹಿರಿಯರು ಮೊದಲೇ ಬಲ್ಲವರಾಗಿದ್ದರು’ ಎನ್ನುವ ಭಾಷಣ ನೀವೂ ಕೇಳಿರುತ್ತೀರಿ. ಸ್ವಲ್ಪ ಲೆಕ್ಕ ಹಾಕೋಣ. ಚಿಕ್ಕಪ್ಪನ ಮಗಳು ನನ್ನ ಗೋತ್ರದವಳು, ಆದ್ದರಿಂದ ತಂಗಿ. ಸೋದರಮಾವನ ಮಗಳು ಬೇರೆ ಗೋತ್ರದವಳು, ಆದ್ದರಿಂದ ವರಸೆ. ವಂಶವಾಹಿಯ ತಕ್ಕಡಿಯಲ್ಲಿ ಇಬ್ಬರೂ ಒಂದೇ ತೂಕ: ಇಬ್ಬರ ಜೊತೆಗೂ ನನ್ನ ಪಾಲುಗಾರಿಕೆ ಸುಮಾರು ಎಂಟರಲ್ಲಿ ಒಂದು. ಅಕ್ಕನ ಮಗಳಾದರೆ ನಾಲ್ಕರಲ್ಲಿ ಒಂದು. ಅಂಥ ಮದುವೆಯೂ ದಕ್ಷಿಣದ ಎಷ್ಟೋ ಮನೆಗಳಲ್ಲಿ ಶುಭಕಾರ್ಯವೇ. ಉತ್ತರ ಭಾರತದ ಹಿಂದೂಗಳಿಗೆ ಇವೆರಡೂ ಅಸಹ್ಯ. ಮುಸ್ಲಿಮರಿಗೆ ಚಿಕ್ಕಪ್ಪನ ಮಗಳೂ ಆದೀತು, ಅಕ್ಕನ ಮಗಳು ಸರ್ವಥಾ ಕೂಡದು. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಹತ್ತಿರದ ಸಂಬಂಧ ನಿಷೇಧಿಸಿ, ರೂಢಿಯಿದ್ದವರಿಗೆ ಬಾಗಿಲು ತೆರೆದಿಟ್ಟಿದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಲಕ್ಷಕ್ಕೂ ಮೀರಿದ ಶಿಶುಗಳ ರಕ್ತಪರೀಕ್ಷೆಯ ಜೊತೆ ತಂದೆತಾಯಿಯ ನೆಂಟಸ್ತನವನ್ನೂ ಬರೆದುಕೊಂಡಾಗ, ಮೂರರಲ್ಲಿ ಒಂದರಷ್ಟು ಮದುವೆ ಸಂಬಂಧದೊಳಗೇ ಆಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅಲನ್ ಬಿಟಲ್ಸ್ ನಡೆಸಿದ ಕೆಲಸ ಅದು. ಬಳಿಯೂ ಗೋತ್ರವೂ ನೆಂಟಸ್ತನ ಹೆಣೆಯುವ, ಆಸ್ತಿ ಹಿಡಿದಿಡುವ ರಾಜಕೀಯ. ಅದಕ್ಕೆ ತಳಿವಿಜ್ಞಾನದ ಪದವಿ ಪ್ರದಾನ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಒಳಗಿನ ಈ ಕಟ್ಟಿಗಿಂತ ಹೊರಬೇಲಿಯ ಕಟ್ಟಲೆ ದೊಡ್ಡದು: ಜಾತಿಯ ಆಚೆ ಮದುವೆ ಇಲ್ಲ. ಈ ಬೇಲಿ ಯಾವಾಗ ಬಿತ್ತು? ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಕ್, ಪ್ರಿಯಾ ಮೂರ್ಜಾನಿ ಮುಂತಾದವರು 2013ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಈ ನೆಲದ ಜನ ಧಾರಾಳವಾಗಿ ಬೆರೆತರು. ಇವತ್ತು ಅಪ್ಪಟ ಎಂದು ಎದೆ ತಟ್ಟಿಕೊಳ್ಳುವ ಯಾವ ಜಾತಿಯೂ, ದೂರದ ಯಾವ ಬುಡಕಟ್ಟೂ ಆ ಬೆರಕೆಯಿಂದ ಹೊರಗಿಲ್ಲ. ಆಮೇಲೆ ಬಾಗಿಲು ಹಾಕಿತು. ಹಾಕಿದ ಬಾಗಿಲಿನ ಒಳಗೆ ಏನಾಗುತ್ತದೆ? ಒಂದು ಜಾತಿ ಎಂದೋ ಕೆಲವೇ ಮನೆಗಳಿಂದ ಬೆಳೆದದ್ದಾದರೆ, ಆ ಮನೆಗಳಲ್ಲಿ ಒಬ್ಬನಿಗೆ ಇದ್ದ ಅಪರೂಪದ ದೋಷವೂ ಇಡೀ ಜಾತಿಯಲ್ಲಿ ಹರಡಿಕೊಳ್ಳುತ್ತದೆ. ಇದಕ್ಕೂ ವಿಕಾಸವೆಂದೇ ಹೆಸರು. ಬಲ್ಲಿದನು ಗೆದ್ದು ಬಡವನು ಸೋಲುವುದಷ್ಟೇ ವಿಕಾಸವೆಂದು ಶಾಲೆಯಲ್ಲಿ ಕಲಿತವರಿಗೆ ಇದು ಹೊಸತೆನಿಸಬಹುದು. ಇಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ, ಬರೀ ಚೀಟಿ ಎತ್ತಿದಂತೆ. 2017ರಲ್ಲಿ ಇದೇ ತಂಡದವರು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ನೋಡಿ, 81ರಲ್ಲಿ ಈ ಪರಿಣಾಮ ಯುರೋಪಿನ ಅಶ್ಕೆನಾಜಿ ಯೆಹೂದ್ಯರಲ್ಲಿ ಇರುವುದಕ್ಕಿಂತಲೂ ಗಾಢ ಎಂದರು. ಆಂಧ್ರದ ವೈಶ್ಯ ಸಮುದಾಯದಲ್ಲಿ ಕಿಣ್ವವೊಂದರ ಕೊರತೆ ಬೇರೆಯವರಿಗಿಂತ ನೂರು ಪಟ್ಟು ಹೆಚ್ಚು. ಅಂಥವರಿಗೆ ಶಸ್ತ್ರಕ್ರಿಯೆಯಲ್ಲಿ ಸ್ನಾಯು ಸಡಿಲಿಸುವ ಒಂದು ಮದ್ದು ಕೊಟ್ಟರೆ ಉಸಿರು ಬೇಗ ಮರಳದು. ಅನುಭವವಿರುವ ಅರಿವಳಿಕೆ ವೈದ್ಯರು ಅದಕ್ಕೇ ಆ ಸಮುದಾಯದವರನ್ನು ಮೊದಲೇ ವಿಚಾರಿಸಿಕೊಳ್ಳುತ್ತಾರೆ. ಎಂದೋ ಹಾಕಿದ ಬೇಲಿ ಇಂದು ಆಪರೇಶನ್ ಟೇಬಲ್ಲಿನ ಮೇಲೆ ಕಾಣಿಸಿಕೊಳ್ಳುತ್ತದೆ.

ಧರ್ಮ ಬೇರೆ, ಬೇಲಿ ಬೇರೆ ಎಂಬುದಕ್ಕೆ ಸಿದ್ದಿಗಳಿಗಿಂತ ಒಳ್ಳೆಯ ಉದಾಹರಣೆ ಸಿಗದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಘಟ್ಟದಂಚಿನಲ್ಲಿ ಇರುವ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಪೋರ್ಚುಗೀಸರೂ ಅರಬರೂ ಗುಲಾಮರನ್ನಾಗಿ ತಂದ ಆಫ್ರಿಕದವರ ಮಕ್ಕಳು ಮೊಮ್ಮಕ್ಕಳು ಅವರು. ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಬಗ್ಗೆ ಸಿಸಿಎಂಬಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಅವರ ವಂಶವಾಹಿಯಲ್ಲಿ ಆಫ್ರಿಕದ ಪಾಲು ಅರ್ಧಕ್ಕಿಂತ ಹೆಚ್ಚೆಂದೂ, ಅದು ಬಾಂಟು ಮೂಲದ್ದೆಂದೂ, ಭಾರತೀಯರ ಬೆರಕೆ ಸುಮಾರು 200 ವರ್ಷ, ಎಂಟು ತಲೆಮಾರಿನ ಹಿಂದಿನದೆಂದೂ ತೋರಿಸಿತು. ಮೂರು ಧರ್ಮ, ಆದರೆ ದಮಾಮಿ ಕುಣಿತ ಒಂದೇ, ಮೈಬಣ್ಣಕ್ಕೆ ಹೊರಗಿನವರು ತೋರಿದ ತಿರಸ್ಕಾರವೂ ಒಂದೇ. ಇಲ್ಲಿ ಬೇಲಿ ಹಾಕಿದ್ದು ಯಾವ ದೇವರೂ ಅಲ್ಲ, ಸುತ್ತಲಿನ ಸಮಾಜ.

ಹಾಲಿನ ಕತೆ ಇನ್ನೂ ಸ್ವಾರಸ್ಯದ್ದು. ಎಳೆಗರು ಹಾಲು ಬಿಟ್ಟಂತೆ ಮನುಷ್ಯನ ಕರುಳು ಕೂಡ ಬಾಲ್ಯ ಕಳೆದ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಕೆಲಸ ನಿಲ್ಲಿಸುತ್ತದೆ. ದನ ಸಾಕಿ ಹಸಿಹಾಲು ಕುಡಿದವರ ಕೆಲವು ಪಂಗಡಗಳಲ್ಲಿ ಮಾತ್ರ, ಕಳೆದ ಹತ್ತು ಸಾವಿರ ವರ್ಷಗಳ ಒಳಗೆ, ದೊಡ್ಡವರಿಗೂ ಹಾಲು ಅರಗಿಸುವ ಬದಲಾವಣೆ ಹರಡಿತು. ಸಂಸ್ಕೃತಿಯೇ ದೇಹವನ್ನು ತಿದ್ದಿದ್ದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಭಾರತದ ಮಾದರಿಗಳನ್ನು ನೋಡಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯುರೋಪಿನವರಲ್ಲಿ ಇರುವ ಅದೇ ಬದಲಾವಣೆ ನಮ್ಮಲ್ಲೂ ಕಂಡಿತು. ವಾಯವ್ಯದಲ್ಲಿ ಹೆಚ್ಚು, ದಕ್ಷಿಣ ಪೂರ್ವಕ್ಕೆ ಬಂದಂತೆ ಕಡಿಮೆ, ಆದರೆ ನೀಲಗಿರಿಯ ತೋಡರಂಥ ದನಗಾಹಿಗಳಲ್ಲಿ ಮತ್ತೆ ಹೆಚ್ಚು. ಗೋವನ್ನು ಪೂಜಿಸಿದವರೆಲ್ಲರ ಕರುಳು ಬದಲಾಗಲಿಲ್ಲ. ಹಸಿಹಾಲನ್ನೇ ನೆಚ್ಚಿ ಬದುಕಿದವರದು ಬದಲಾಯಿತು. ಉಳಿದವರು ಹೆಪ್ಪು ಹಾಕಿ ಮೊಸರು ಮಾಡಿದರು, ಕಡೆದು ಮಜ್ಜಿಗೆ ಮಾಡಿದರು; ಸೂಕ್ಷ್ಮಜೀವಿಗಳೇ ಅರ್ಧ ಅರಗಿಸಿ ಕೊಟ್ಟವು, ಮೈ ಬದಲಾಗುವ ಪ್ರಮೇಯವೇ ಬರಲಿಲ್ಲ. ಶಿವನಿಗೆ ಬುತ್ತಿ ಒಯ್ದ ಪಾರ್ವತಿ ಹಾಲು ಅಕ್ಕಿಯ ಅನ್ನದಿಂದ ಗೊಂಬೆ ಮಾಡಿದಳು, ಶಿವ ಜೀವ ಕೊಟ್ಟ, ಅವರೇ ಹಾಲಕ್ಕಿಗಳು ಎಂಬ ಹುಟ್ಟಿನ ಕತೆ ಅಂಕೋಲೆಯ ಕಡೆ ಕೇಳಸಿಗುತ್ತದೆ. ಕತೆಯಲ್ಲಿ ಹಾಲಿದೆ ಎಂದು ಕರುಳಿನ ಬಗ್ಗೆ ತೀರ್ಮಾನ ಮಾಡುವಂತಿಲ್ಲ.

ಒಂದೇ ಊರಿನ ಇಷ್ಟು ಕಟ್ಟಲೆಗಳು ಒಟ್ಟಾಗಿ ಏನು ಮಾಡುತ್ತಿದ್ದವು ಎಂದು ಕೇಳಿದವರು ಗಾಡ್ಗೀಳ್ ಮತ್ತು ಕೆ.ಸಿ. ಮಲ್ಹೋತ್ರ. ಅಘನಾಶಿನಿಯ ಅಳಿವೆಯಲ್ಲಿರುವ ಕುಮಟೆ ತಾಲೂಕಿನ ಮಾಸೂರು ಲುಕ್ಕೇರಿಯಂಥ ಊರನ್ನು ಗಾಡ್ಗೀಳ್ ಉದಾಹರಿಸಿದರು. ಹೊಳೆಮೀನು ಒಬ್ಬರಿಗೆ, ಕಡಲಮೀನು ಇನ್ನೊಬ್ಬರಿಗೆ, ಉಪ್ಪುನೀರಿನ ಗಜನಿ ಗದ್ದೆಯ ಕಗ್ಗ ಭತ್ತ ಮತ್ತೊಬ್ಬರಿಗೆ, ಚಿಪ್ಪು ಸುಟ್ಟು ಸುಣ್ಣ ಮಾಡುವುದು ಮಗದೊಬ್ಬರಿಗೆ. ಕಾಡಿನ ಹಕ್ಕಿಗಳು ಕೊಂಬೆ ಹಂಚಿಕೊಂಡಂತೆ ಜಾತಿಗಳು ಕಸುಬು ಹಂಚಿಕೊಂಡಿದ್ದವು. ಒಂದು ಸಂಪತ್ತಿಗೆ ಒಂದೇ ಜಾತಿ ಎಂದಾಗ ಅದನ್ನು ಮುಂದಿನ ಪೀಳಿಗೆಗೆ ಉಳಿಸುವ ಕಾಳಜಿಯೂ ಬರುತ್ತದೆ ಎಂಬುದು ಅವರಿಬ್ಬರ 1983ರ ವಾದ. ಓದಿದಾಗ ಬೆರಗಾಗುತ್ತದೆ. ಆಮೇಲೆ ಜಾತಿಯ ಏಣಿಯಲ್ಲಿ ಕೆಳಗಿಟ್ಟ ಮುಕ್ರಿ ಮನೆಯೊಳಗೆ ನಿಂತು ಅದನ್ನೇ ಓದಿದರೆ ಹೇಗೆ ಕಂಡೀತು ಎಂದು ಯೋಚಿಸಿದೆ. ಹಕ್ಕಿಗೆ ಇನ್ನೊಂದು ಕೊಂಬೆಗೆ ಹಾರಲು ಅಡ್ಡಿಯಿಲ್ಲ, ಹಾರಿದ್ದಕ್ಕೆ ಯಾರೂ ಹೊಡೆಯುವುದಿಲ್ಲ. ಹೊಂದಿಕೊಂಡದ್ದು ಯಾರು, ಹೊಂದಿಕೊಳ್ಳುವಂತೆ ಮಾಡಿದ್ದು ಯಾರು ಎಂದು ಬಿಡಿಸಿ ಹೇಳದ ಯಾವ ಹೊಂದಾಣಿಕೆಯ ಸಿದ್ಧಾಂತವೂ ನನಗೆ ಅರ್ಧ ಮಾತ್ರ.

ಮರಳಿ ದೇವರ ಕಣ್ಣಿನ ಪ್ರಶ್ನೆಗೆ ಬಂದರೆ, ಇತ್ತೀಚಿನ ಒಂದು ಎಡವಟ್ಟನ್ನು ಹೇಳಲೇಬೇಕು. ನೀತಿ ಕಾಯುವ ದೊಡ್ಡ ದೇವರುಗಳಿಂದ ದೊಡ್ಡ ಸಮಾಜಗಳು ಬೆಳೆದವೋ, ದೊಡ್ಡ ಸಮಾಜ ಬೆಳೆದ ಮೇಲೆ ಅಂಥ ದೇವರುಗಳು ಬಂದರೋ? ಜಗತ್ತಿನ 414 ಸಮಾಜಗಳ ಇತಿಹಾಸವನ್ನು ಕಂಪ್ಯೂಟರಿಗೆ ತುಂಬಿಸಿ, ಸಮಾಜವೇ ಮೊದಲು, ದೇವರು ಆಮೇಲೆ ಎಂದು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ತಂಡ ಘೋಷಿಸಿತು. ಬೇರೆಯವರು ಅದೇ ಮಾಹಿತಿಯನ್ನು ಜಾಲಾಡಿದಾಗ ಸಿಕ್ಕಿದ್ದು ಬಹಳ ಸಣ್ಣ ಸಂಗತಿ. ಹಳೆಯ ಕಾಲದ ಎಷ್ಟೋ ಸಮಾಜಗಳ ದೇವರ ಬಗ್ಗೆ ದಾಖಲೆಯೇ ಇರಲಿಲ್ಲ. ಪಟ್ಟಿಯ ಆ ಖಾಲಿ ಮನೆಗಳಲ್ಲಿ ‘ಗೊತ್ತಿಲ್ಲ’ ಎಂದಿರಬೇಕಾದ ಕಡೆ ‘ಇಲ್ಲ’ ಎಂದು ಎಣಿಸಲಾಗಿತ್ತು. ಬರವಣಿಗೆ ಬಂದ ಮೇಲಷ್ಟೇ ದೇವರು ದಾಖಲಾಗುವುದರಿಂದ, ದೊಡ್ಡ ಸಮಾಜದ ನಂತರವೇ ದೇವರು ಬಂದಂತೆ ಕಂಡದ್ದು. 2021ರಲ್ಲಿ ಲೇಖಕರೇ ಆ ಪ್ರಬಂಧವನ್ನು ಹಿಂತೆಗೆದುಕೊಂಡರು.

ಈ ಖಾಲಿ ಮನೆಗಳ ಬಗ್ಗೆ ಓದುವಾಗ ನೆನಪಾದದ್ದು ಅಂಕೋಲೆ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ. ಸಾವಿರಾರು ಹಾಡುಗಳನ್ನು ಒಂದಕ್ಷರ ಬರೆಯದೆ ತಲೆಯಲ್ಲಿ ಇಟ್ಟುಕೊಂಡಿದ್ದವರು; 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಹಿಂದೆ ಹೊನ್ನಳ್ಳಿಯ ತುಳಸಿ ಗೌಡ ಹೋದರು. ಕಾಡಿನಲ್ಲಿ ಯಾವ ಮರ ಬೀಜಕ್ಕೆ ತಾಯಿಮರವಾದೀತು ಎಂದು ನೋಡಿ ಹೇಳುತ್ತಿದ್ದ, ಶಾಲೆಯ ಮುಖ ಕಾಣದ ಇನ್ನೊಬ್ಬ ಪದ್ಮಶ್ರೀ. ಹಾಲಕ್ಕಿಗಳ ದೇವರು ಏನು ಬೇಕೆಂದ, ಏನು ಬೇಡವೆಂದ, ಯಾರ ಮೇಲೆ ಮುನಿದ ಎಂಬುದೆಲ್ಲ ಇರುವುದು ಇಂಥವರ ಬಾಯಲ್ಲಿ. ಕುಮಟೆಯ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕರಂಥವರು ಮನೆ ಮನೆಗೆ ಹೋಗಿ ಬರೆದುಕೊಂಡದ್ದರಿಂದ ಕೆಲವು ಮನೆಗಳು ತುಂಬಿವೆ. ಉಳಿದವು ಖಾಲಿ.

ಬುಕನನ್‌ನ ದಿನಚರಿಯೂ ಈಗ ನನಗೆ ಅಂಥ ಒಂದು ಪಟ್ಟಿಯಂತೆ ಕಾಣುತ್ತದೆ. ದೇವರ ಒಡೆತನ, ಗೌಡರ ಅಪ್ಪಣೆ, ಮುನಿಸಿನ ಭಯ ಇಷ್ಟೂ ಅದರಲ್ಲಿದೆ, ಕೊನೆಗೆ ಅವನ ಅನುಮಾನವೂ ಇದೆ. ಇದು ಉಪಾಯವೇ ಎಂದು ಯಾರಾದರೂ ಗೌಡರನ್ನೇ ಕೇಳಿದ್ದರೆ ಅವರು ಏನೆನ್ನುತ್ತಿದ್ದರೋ. ನಗುತ್ತಿದ್ದರೋ, ಕವಳದ ಸಂಚಿ ಮುಂದೆ ಸರಿಸಿ ಮಾತು ಬದಲಿಸುತ್ತಿದ್ದರೋ. ಆ ಮನೆಯಲ್ಲಿ ಏನೂ ಬರೆದಿಲ್ಲ.